ಗಡ್ಡೆ ತೆಗೆದ ಮೇಲೆ ಕ್ಯಾನ್ಸರ್ ಮತ್ತೆ ಬರುತ್ತದೆಯೇ?



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಯಾವ ತಾಲ್ಲೂಕಿನಿಂದ ಬಂದವರಾದರೂ, ಆಪರೇಷನ್ ಆದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಮತ್ತೆ ಬರುತ್ತದೆಯೇ?" ಕಬ್ಬು ಕಡಿದ ಮೇಲೂ ಬುಡದಿಂದ ಕೂಳೆ ಚಿಗುರುವುದನ್ನು ನೀವು ಬಲ್ಲಿರಿ. ಹಾಗೆಯೇ ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಉಳಿದಿದ್ದರೆ ಮುಂದೆ ಬೆಳೆಯಬಹುದು. ಆದರೆ ಎಲ್ಲರಲ್ಲೂ ಹೀಗಾಗುವುದಿಲ್ಲ. ಒಂದೇ ಹಂತದ ಕಾಯಿಲೆಯಿದ್ದ ಇಬ್ಬರಲ್ಲಿ ಒಬ್ಬರು ಪೂರ್ತಿ ಗುಣವಾಗುತ್ತಾರೆ, ಇನ್ನೊಬ್ಬರಿಗೆ ಮರುಕಳಿಸುತ್ತದೆ. ಏಕೆ?

ಒಂದು ಕಾರಣ ನಮ್ಮ ದೇಹದ ಕಾವಲು. ಬಿಳಿ ರಕ್ತಕಣಗಳಲ್ಲಿ ಕೆಲವು ಗಡ್ಡೆಯೊಳಗೇ ನುಗ್ಗಿ ಹೋರಾಡುತ್ತವೆ. ಪ್ಯಾರಿಸ್‌ನ ವಿಜ್ಞಾನಿ ಜೆರೋಮ್ ಗ್ಯಾಲನ್ ಮತ್ತು ಸಂಗಡಿಗರು ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಇದನ್ನು 2006ರಲ್ಲಿ ತೋರಿಸಿಕೊಟ್ಟರು: ಗಡ್ಡೆಯಲ್ಲಿ ಇಂಥ ಕಣಗಳು ಹೆಚ್ಚಿದ್ದವರಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆ. 2018ರಲ್ಲಿ ಹಲವು ದೇಶಗಳ 2,681 ರೋಗಿಗಳ ಅಧ್ಯಯನ ಇದನ್ನೇ ಖಚಿತಪಡಿಸಿತು. ಅದರಲ್ಲಿ ನಮ್ಮ ದೇಶದ ಅಹಮದಾಬಾದ್ ಆಸ್ಪತ್ರೆಯೂ ಸೇರಿತ್ತು.

ಇನ್ನೊಂದು ಕಾರಣ ಗಡ್ಡೆಯ ಸ್ವಭಾವ. ಪ್ರತಿ ಜೀವಕೋಶದಲ್ಲೂ ಅದು ಹೇಗೆ ನಡೆದುಕೊಳ್ಳಬೇಕೆಂದು ಹೇಳುವ ಜೀನ್‌ಗಳು, ಅಂದರೆ ವಂಶವಾಹಿಗಳಿವೆ. ಗಡ್ಡೆಯನ್ನು ಬೆಳೆಸುವ ಜೀನ್‌ಗಳು ಎಷ್ಟು ಚುರುಕಾಗಿವೆ, ಕಾವಲಿನ ಜೀನ್‌ಗಳು ಎಷ್ಟು ಚುರುಕಾಗಿವೆ ಎಂದು ಅಳೆದು ಅಂಕ ಕೊಡಬಹುದು. ಸ್ತನ ಕ್ಯಾನ್ಸರ್‌ನಲ್ಲಿ ಬಳಸುವ ಒಂದು ಪರೀಕ್ಷೆ 21 ಜೀನ್‌ಗಳನ್ನು ನೋಡುತ್ತದೆ. ಹಾರ್ಮೋನ್‌ನಿಂದ ಬೆಳೆಯುವ, ಕಂಕುಳಿನ ಗ್ರಂಥಿಗೆ ಹರಡದ ಕ್ಯಾನ್ಸರ್ ಇದ್ದ 10 ಸಾವಿರಕ್ಕೂ ಹೆಚ್ಚು ಮಹಿಳೆಯರ ಅಧ್ಯಯನ 2018ರಲ್ಲಿ ಪ್ರಕಟವಾಯಿತು. 50 ವರ್ಷ ದಾಟಿದವರಲ್ಲಿ, ಅಂಕ ಮಧ್ಯಮವಾಗಿದ್ದರೆ, ಹಾರ್ಮೋನ್ ಮಾತ್ರೆಯ ಜೊತೆ ಕೀಮೋ ಕೊಟ್ಟರೂ ಹೆಚ್ಚಿನ ಲಾಭವಿಲ್ಲವೆಂದು ಅದರಿಂದ ತಿಳಿಯಿತು. ಬೆಂಗಳೂರಿನ ಆಂಕೋಸ್ಟೆಮ್ ಸಂಸ್ಥೆಯೂ ಜೀನ್ ಬದಲು 5 ಪ್ರೋಟೀನ್‌ಗಳನ್ನು ನೋಡುವ ಕ್ಯಾನ್‌ಅಸಿಸ್ಟ್ ಎಂಬ ಪರೀಕ್ಷೆಯನ್ನು ರೂಪಿಸಿದೆ.

ಈಗ ನೀವು ನೆನಪಿಡಬೇಕಾದ ಮಾತುಗಳು:

ಈ ಪರೀಕ್ಷೆಗೆ ಮತ್ತೆ ಕೊಯ್ಯಬೇಕಾಗಿಲ್ಲ. ಆಪರೇಷನ್‌ನಲ್ಲಿ ತೆಗೆದ ತುಂಡನ್ನು ಮೇಣದಲ್ಲಿ ಇಟ್ಟಿರುತ್ತಾರೆ. ಅದನ್ನು 'ಬ್ಲಾಕ್' ಎನ್ನುತ್ತಾರೆ. ಬ್ಲಾಕ್ ಎಲ್ಲಿದೆ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಬಯಾಪ್ಸಿ ವರದಿಯನ್ನು ಜೋಪಾನ ಮಾಡಿ.

ಪರೀಕ್ಷೆ ದುಬಾರಿ, ಎಲ್ಲರಿಗೂ ಬೇಕಾಗಿಯೂ ಇಲ್ಲ. ಸಾಲ ಮಾಡುವ ಮೊದಲು, ಒಡವೆ ಅಡವಿಡುವ ಮೊದಲು ವೈದ್ಯರನ್ನು ಕೇಳಿ: "ಇದರ ಫಲಿತಾಂಶದಿಂದ ನಮ್ಮ ಚಿಕಿತ್ಸೆ ಬದಲಾಗುತ್ತದೆಯೇ?" ಇಲ್ಲವೆಂದರೆ ಪರೀಕ್ಷೆ ಬೇಡ.

'ಜೀನ್' ಎಂದೊಡನೆ ಮಕ್ಕಳಿಗೂ ಬರುತ್ತದೆಂದು ಹೆದರಬೇಡಿ. ಇದು ಗಡ್ಡೆಯ ಪರೀಕ್ಷೆ. ವಂಶಪಾರಂಪರ್ಯವಾಗಿ ಬರುವುದೇ ಎಂದು ನೋಡುವ ಪರೀಕ್ಷೆಯೇ ಬೇರೆ.

ಅಂಕ ಹೆಚ್ಚು ಬಂದರೆ ಅದು ಹಣೆಬರಹವಲ್ಲ. ಚಿಕಿತ್ಸೆ ಬಲವಾಗಿರಬೇಕು ಎಂಬ ಸೂಚನೆ ಅಷ್ಟೆ. ಕಡಿಮೆ ಬಂದರೆ ಮಾತ್ರೆ ಬಿಡಬಹುದೆಂದೂ ಅರ್ಥವಲ್ಲ. ಹಾರ್ಮೋನ್ ಮಾತ್ರೆಯನ್ನು ಸಾಮಾನ್ಯವಾಗಿ ಕನಿಷ್ಠ 5 ವರ್ಷ ದಿನವೂ ನುಂಗಬೇಕು.

ಮನೆಯವರೇ, ನಾಟಿ, ಕಟಾವು, ಹಬ್ಬ ಎಂದು ತಪಾಸಣೆಯ ದಿನವನ್ನು ಮುಂದೂಡಬೇಡಿ. ಬಸ್ಸಿಗೆ ಜೊತೆಯಲ್ಲಿ ಒಬ್ಬರು ಬನ್ನಿ. ಹೊಸ ಗಂಟು, ಬಿಡದ ಕೆಮ್ಮು, ಮೂಳೆನೋವು ಕಂಡರೆ ಹೇಳಿದ ದಿನದವರೆಗೂ ಕಾಯದೆ ಬನ್ನಿ. ಕೇಳಲು ಸಂಕೋಚ ಬೇಡ.