ಮನೆಯ ಬ್ರಾಡ್‌ಬ್ಯಾಂಡ್‌ಗೆ ಸ್ಥಿರ ವಿಳಾಸ: ಯಾರಿಗೆ ಬೇಕು? ಹೇಗೆ ಹೊಂದಿಸಬೇಕು?

(ಭಾಷಣದ ಲಿಖಿತ ರೂಪ)



ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ತರುವ ರೈತರಿಗೆ ಲಾಟ್ ನಂಬರು ಹೊಸದಲ್ಲ. ಒಂದು ದಿನದ ಟೆಂಡರಿಗೆ ಕೊಟ್ಟ ನಂಬರು ಅಂದಿಗೇ ಮುಗಿಯಿತು. ಮುಂದಿನ ಸಲ ಮಾಲು ತಂದಾಗ ಬೇರೆ ನಂಬರು. ಅದೇ ರೈತರ ಹೊಲದ ಸರ್ವೆ ನಂಬರಾದರೋ ವರ್ಷಗಟ್ಟಲೆ ಅದೇ ಇರುತ್ತದೆ. ಅಂತರಜಾಲದ ವಿಳಾಸಗಳಲ್ಲಿಯೂ ಈ ಎರಡು ಬಗೆಗಳಿವೆ. ಸಾಮಾನ್ಯ ಸಂಪರ್ಕಕ್ಕೆ ಸಿಗುವುದು ಬದಲಾಗುವ ವಿಳಾಸ. ಹೆಚ್ಚಿನ ಶುಲ್ಕ ಕೊಟ್ಟು ಪಡೆಯುವುದು ಸ್ಥಿರ ವಿಳಾಸ, ಅಂದರೆ ಸ್ಟ್ಯಾಟಿಕ್ ಐ.ಪಿ.

ಮೂರನೆಯ ಬಗೆಯೊಂದೂ ಇದೆ. ಹಳೆಯ ಪದ್ಧತಿಯ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 430 ಕೋಟಿ ಮಾತ್ರ. ಏಷ್ಯಾ ಭಾಗದ ದಾಸ್ತಾನು 2011ರ ಏಪ್ರಿಲ್‌ನಲ್ಲಿಯೇ ತಳ ಕಂಡಿತು. ಆದುದರಿಂದ ಅನೇಕ ಕಂಪನಿಗಳು ಹಲವು ಮನೆಗಳನ್ನು ಒಂದೇ ವಿಳಾಸದ ಹಿಂದೆ ಇಡುತ್ತವೆ. ಹತ್ತಾರು ರೈತರ ಪತ್ರಗಳು ಒಂದೇ ದಲಾಲಿ ಅಂಗಡಿಯ ವಿಳಾಸಕ್ಕೆ ಬಂದಂತೆ. ಹೊರಗಿನಿಂದ ಇಂಥದೇ ಮನೆಯನ್ನು ಹುಡುಕಿ ಒಳಬರುವುದು ಇದರಲ್ಲಿ ಸಾಧ್ಯವಿಲ್ಲ.

ಪಹಣಿ ತೆಗೆಯಲು, ಪೇಟೆ ಧಾರಣೆ ನೋಡಲು, ಬ್ಯಾಂಕಿನ ವ್ಯವಹಾರಕ್ಕೆ ಸ್ಥಿರ ವಿಳಾಸ ಬೇಕಿಲ್ಲ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿಗೂ ಬೇಡ. ಅದು ತನ್ನದೇ ಸಿಮ್‌ನಿಂದ ನಡೆಯುತ್ತದೆ. ಅನೇಕ ಕ್ಯಾಮರಾಗಳ ಚಿತ್ರವನ್ನು ತಯಾರಕರ ಆ್ಯಪ್ ಮೂಲಕವೇ ನೋಡಬಹುದು. ಕಣದಲ್ಲಿ ಒಣಗಲು ಹಾಕಿದ ಮೆಣಸಿನಕಾಯಿ, ರಾಣೆಬೆನ್ನೂರು ಸೀಮೆಯ ಬೀಜೋತ್ಪಾದಕರ ನೆರಳು ಮನೆ, ಉಗ್ರಾಣ ಇವುಗಳ ರೆಕಾರ್ಡರನ್ನು ಬೇರೆಯವರ ಸರ್ವರಿನ ಹಂಗಿಲ್ಲದೆ ದೂರದಿಂದ ನೋಡಬೇಕೆನ್ನುವವರು ಮಾತ್ರ ಈ ಖರ್ಚನ್ನು ಯೋಚಿಸಬಹುದು.

ವಿಳಾಸ ಪಡೆದ ಮೇಲೆ ಕಂಪನಿಯವರನ್ನು ಮೊದಲು ಒಂದು ಮಾತು ಕೇಳಬೇಕು: ಇದು ಗ್ರಾಹಕರ ಹೆಸರು ಮತ್ತು ಗುಪ್ತಪದದ ಮೇಲೆ ತಾನಾಗಿ ಬರುವುದೇ, ಕೈಯಿಂದ ತುಂಬಬೇಕೇ? ತಾನಾಗಿ ಬರುವುದಾದರೆ, ಅಂದರೆ ಪಿ.ಪಿ.ಪಿ.ಓ.ಇ. ಪದ್ಧತಿಯಾದರೆ, ರೂಟರನ್ನು ಒಮ್ಮೆ ಆರಿಸಿ ಹಚ್ಚಿದರೆ ಸಾಕು. ಇದನ್ನರಿಯದೆ ಇದ್ದ ವಿವರ ಅಳಿಸಿ ಅಂಕಿಗಳನ್ನು ತುಂಬಿದರೆ ಇದ್ದ ಸಂಪರ್ಕವೂ ಹೋಗುತ್ತದೆ.

ಕೈಯಿಂದ ತುಂಬಬೇಕಾದಲ್ಲಿ, ರೂಟರಿನ ಚೀಟಿಯಲ್ಲಿರುವ ವಿಳಾಸವನ್ನು (ಸಾಮಾನ್ಯವಾಗಿ 192.168.1.1) ಬ್ರೌಸರಿನಲ್ಲಿ ತೆರೆದು, ಹಳೆಯ ವಿವರಗಳನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಬೇಕು. ನಂತರ 'ವ್ಯಾನ್' ಪುಟದಲ್ಲಿ 'ಸ್ಟ್ಯಾಟಿಕ್' ಆರಿಸಿ ಐ.ಪಿ. ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿ.ಎನ್.ಎಸ್. ಈ ನಾಲ್ಕನ್ನೂ ಕಂಪನಿ ಕೊಟ್ಟಂತೆಯೇ ತುಂಬಬೇಕು. ಡಿ.ಎನ್.ಎಸ್. ತಪ್ಪಿದರೆ ಸಂಪರ್ಕ ಇದ್ದೂ ಹೆಸರಿನಿಂದ ಯಾವ ಜಾಲತಾಣವೂ ತೆರೆಯುವುದಿಲ್ಲ. ಹಿಂಬದಿಯ ರೀಸೆಟ್ ಗುಂಡಿಯನ್ನು ಒತ್ತಲೇಬಾರದು. ಫೈಬರ್ ಪೆಟ್ಟಿಗೆಯಲ್ಲಿ ಕಂಪನಿಯ ವಿವರಗಳೂ ಅಳಿಸಿಹೋಗಿ, ಅವರ ಸಿಬ್ಬಂದಿಗಾಗಿ ಕಾಯಬೇಕಾಗುತ್ತದೆ.

ಸ್ಥಿತಿ ತೋರಿಸುವ ಪುಟದಲ್ಲಿ ಹೊರ ವಿಳಾಸ 10ರಿಂದ, ಅಥವಾ 100.64ರಿಂದ 100.127ರೊಳಗಿನ ಅಂಕಿಯಿಂದ ಆರಂಭವಾಗಿದ್ದರೆ, ಹಣ ಕೊಟ್ಟರೂ ಇನ್ನೂ ಹಂಚಿಕೆಯ ವಿಳಾಸವೇ ಇದೆ ಎಂದು ತಿಳಿದು ಕಂಪನಿಗೆ ದೂರು ಕೊಡಬೇಕು.

ಮನೆಯೊಳಗೆ ರೆಕಾರ್ಡರಿಗೂ ಒಂದು ಕಾಯಂ ನಂಬರು ಬೇಕು. ರೂಟರಿನ 'ಡಿ.ಎಚ್.ಸಿ.ಪಿ.' ಪುಟದಲ್ಲಿ, ಉದಾಹರಣೆಗೆ 192.168.1.50 ಎಂದು, ಅದಕ್ಕೆ ಕಾಯ್ದಿರಿಸಬಹುದು. ಇದಕ್ಕೆ ಶುಲ್ಕವಿಲ್ಲ.

ಇನ್ನು ಅತಿ ಮುಖ್ಯವಾದ ವಿಷಯ. ಸ್ಥಿರ ವಿಳಾಸವುಳ್ಳ ಮನೆಯ ಬಾಗಿಲನ್ನು ಜಗತ್ತಿನ ಯಾರು ಬೇಕಾದರೂ, ಯಾವ ಹೊತ್ತಿನಲ್ಲಾದರೂ ತಟ್ಟಬಹುದು. 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಗುಪ್ತಪದವನ್ನು ಬದಲಿಸದೇ ಬಿಟ್ಟಿದ್ದ ಲಕ್ಷಾಂತರ ಕ್ಯಾಮರಾ, ರೆಕಾರ್ಡರ್, ರೂಟರುಗಳನ್ನು ವಶಪಡಿಸಿಕೊಂಡಿತು. ಕಣ ಕಾಯಲು ಹಾಕಿದ ಕ್ಯಾಮರಾ, ಮನೆಯಲ್ಲಿ ಯಾರೂ ಇಲ್ಲವೆಂಬುದನ್ನು ಅಪರಿಚಿತನಿಗೆ ತೋರಿಸುವಂತಾಗಬಾರದು. ಆದ್ದರಿಂದ ರೂಟರ್, ರೆಕಾರ್ಡರ್ ಎರಡರ ಗುಪ್ತಪದಗಳನ್ನೂ ತಪ್ಪದೇ ಬದಲಿಸಬೇಕು. ರೂಟರಿನ ಪುಟ ಹೊರಗಿನಿಂದ ತೆರೆಯದಂತೆ 'ರಿಮೋಟ್ ಮ್ಯಾನೇಜ್‌ಮೆಂಟ್' ಮುಚ್ಚಿರಬೇಕು. 'ಪೋರ್ಟ್ ಫಾರ್ವರ್ಡಿಂಗ್' ಮಾಡಿ ರೆಕಾರ್ಡರನ್ನು ನೇರವಾಗಿ ಬಯಲಿಗೆ ತೆರೆದಿಡುವುದು ಸುಲಭ, ಆದರೆ ಹಿತವಲ್ಲ. ರೂಟರಿನಲ್ಲಿ ವಿ.ಪಿ.ಎನ್. ಸೌಲಭ್ಯವಿದ್ದರೆ ಅದನ್ನೇ ಬಳಸಬೇಕು. ಕೀಲಿ ಇದ್ದ ಮೊಬೈಲಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ಪರೀಕ್ಷೆಯನ್ನು ಮನೆಯ ವೈ-ಫೈ ಆರಿಸಿ, ಮೊಬೈಲ್ ಡೇಟಾದಿಂದ ಮಾಡಬೇಕು. ಒಳಗೆ ಕುಳಿತು ಹೊರ ವಿಳಾಸವನ್ನು ಕರೆದರೆ ಅನೇಕ ರೂಟರುಗಳು ಉತ್ತರಿಸುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಿದೆಯೆಂದು ತೋರುತ್ತದೆ. ಕರೆಂಟು ಹೋದಾಗಲೂ ಕಣ ಕಾಣಬೇಕಾದರೆ ಫೈಬರ್ ಪೆಟ್ಟಿಗೆ, ರೂಟರ್, ರೆಕಾರ್ಡರ್, ಕ್ಯಾಮರಾ ಈ ನಾಲ್ಕಕ್ಕೂ ಬ್ಯಾಟರಿಯ ಆಸರೆ ಇರಬೇಕು. ರೂಟರಿಗೊಂದಕ್ಕೆ ಕೊಟ್ಟರೆ ಸಾಲದು.