ದೇವಕುಮಾರನೆಂಬ ನಂಬುಗೆ

ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯ ಹೆಸರನ್ನು ಕೇಳದ ಶ್ರೋತೃಗಳು ವಿರಳವೆಂದು ನಂಬುತ್ತೇವೆ. ಕದಂಬ ಮಯೂರಶರ್ಮನ ಶಾಸನವಿರುವ ಆ ಸ್ಥಳದಲ್ಲಿ 1947ರಲ್ಲಿ ಅಗೆತ ನಡೆದಾಗ, ಮಡಕೆಯ ಚೂರುಗಳೊಡನೆ ರೋಮ್ ಸಾಮ್ರಾಜ್ಯದ ಬೆಳ್ಳಿಯ ನಾಣ್ಯವೊಂದು ದೊರೆಯಿತು. ಅದು ತಿಬೇರಿಯಸ್ ಚಕ್ರವರ್ತಿಯದು. ಆ ಚಕ್ರವರ್ತಿಯ ಸಾಮಾನ್ಯವಾದ ಬೆಳ್ಳಿನಾಣ್ಯದಲ್ಲಿ ಒಂದು ಕಡೆ ಅವನ ತಲೆ. ಅದರ ಸುತ್ತ, ಈತನು ದೇವತ್ವವನ್ನು ಪಡೆದ ಅಗಸ್ಟಸನ ಮಗನೆಂದು ಸಾರುವ ಲ್ಯಾಟಿನ್ ಅಕ್ಷರಗಳು. ಮೆಣಸಿಗೂ ಮಸ್ಲಿನ್ನಿಗೂ ಬೆಲೆಯಾಗಿ ನಮ್ಮ ದೇಶಕ್ಕೆ ಹರಿದುಬಂದ ಹಣದಲ್ಲಿ ದೇವರ ಮಗನೆಂಬ ಮಾತು ಹೀಗೆ ಅಚ್ಚಾಗಿದ್ದಿತು. ಓದಿ ಅರ್ಥಮಾಡಿಕೊಳ್ಳುವವರು ಇಲ್ಲಿ ಎಷ್ಟು ಮಂದಿ ಇದ್ದರೋ ಬೇರೆ ಮಾತು.

ಅದೇ ತಿಬೇರಿಯಸನ ಆಳ್ವಿಕೆಯಲ್ಲಿ, ಸಾಮ್ರಾಜ್ಯದ ಒಂದು ಮೂಲೆಯಾದ ಯೂದಾಯದಲ್ಲಿ, ಪೊಂತಿಯಸ್ ಪಿಲಾತನೆಂಬ ಅಧಿಕಾರಿಯು ನಜರೇತಿನ ಒಬ್ಬ ಬಡಗಿಯನ್ನು ಶಿಲುಬೆಗೆ ಹಾಕಿಸಿದನು. ಪಿಲಾತನು ಬರಿಯ ಕಥೆಯ ಪಾತ್ರವಲ್ಲ. ಅವನ ಹೆಸರನ್ನು ಹೊತ್ತ ಕಲ್ಲೊಂದು 1961ರಲ್ಲಿ ಕೈಸರೈಯದ ಹಾಳುಬಿದ್ದ ನಾಟಕಶಾಲೆಯಲ್ಲಿ ಸಿಕ್ಕಿದೆ. ಆ ಮರಣ ನಡೆದುದು ಕ್ರಿಸ್ತಶಕ 30ರಲ್ಲಿ ಇಲ್ಲವೆ 33ರಲ್ಲಿ ಎಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪುತ್ತಾರೆ. ನಾಣ್ಯದ ದೇವಪುತ್ರನನ್ನು ಇಂದು ಪೂಜಿಸುವವರಿಲ್ಲ. ಶಿಲುಬೆಯ ಮೇಲೆ ಸತ್ತಾತನನ್ನು ಕೋಟ್ಯಂತರ ಜನರು ದೇವಕುಮಾರನೆಂದು ನಂಬಿದ್ದಾರೆ. ಯಾವ ಆಧಾರದ ಮೇಲೆ ನಂಬಿದ್ದಾರೆ ಎಂಬುದೇ ಈ ಹೊತ್ತಿನ ನಮ್ಮ ವಿಚಾರ. ಒಪ್ಪಬೇಕೇ ಬೇಡವೇ ಎಂಬುದು ಆಯಾ ಶ್ರೋತೃಗಳಿಗೆ ಬಿಟ್ಟದ್ದು.

ಮೊದಲು ಮಾತಿನ ಅರ್ಥವನ್ನು ಸರಿಮಾಡಿಕೊಳ್ಳಬೇಕು. ತರಗತಿಯಲ್ಲಿ ಮಿಲ್ಟನನ ಕಾವ್ಯವನ್ನು ಓದಿಸುವಾಗ ವಿದ್ಯಾರ್ಥಿಗಳು ನಮ್ಮನ್ನು ಕೇಳುವುದುಂಟು: ಕರ್ಣನು ಸೂರ್ಯಪುತ್ರ, ಭೀಮನು ವಾಯುಪುತ್ರ, ಹಾಗೆಯೇ ಯೇಸುವು ದೇವಪುತ್ರನಲ್ಲವೆ ಎಂದು. ಅಲ್ಲ. ಕ್ರೈಸ್ತರು ಹೇಳುವ ಪುತ್ರತ್ವವು ದೇಹಸಂಬಂಧವಾದುದಲ್ಲ. ಅವತಾರವೆಂಬ ನಮ್ಮ ಮಾತು ಇದಕ್ಕೆ ಇನ್ನಷ್ಟು ಹತ್ತಿರವಾದರೂ ಪೂರ್ತಿ ಹೊಂದುವುದಿಲ್ಲ. ಅವತಾರಗಳು ಯುಗಯುಗದಲ್ಲಿಯೂ ಆಗತಕ್ಕವು, ಇದು ಒಮ್ಮೆ ಮಾತ್ರ ಆದುದೆಂದು ಅವರ ಮತ. ಯೆಹೂದ್ಯರ ಗ್ರಂಥಗಳಲ್ಲಿ ಇಸ್ರಾಯೇಲ್ ಜನಾಂಗಕ್ಕೂ ದಾವೀದನ ವಂಶದ ಅರಸನಿಗೂ ದೇವರ ಮಗನೆಂಬ ಹೆಸರುಂಟು. ಅಲ್ಲಿ ಅದರ ಅರ್ಥ, ದೇವರು ಆರಿಸಿಕೊಂಡವನು, ದೇವರಿಗೆ ವಿಧೇಯನಾದವನು ಎಂದಷ್ಟೆ. ಕ್ರೈಸ್ತರು ಅಲ್ಲಿಂದ ಹೊರಟು ಬಹು ದೂರ ಹೋದರು. ತಂದೆಗೂ ಈ ಮಗನಿಗೂ ಸ್ವರೂಪದಲ್ಲಿ ಭೇದವಿಲ್ಲ, ಮಗನನ್ನು ಕಂಡವರು ದೇವರನ್ನೇ ಕಂಡರು ಎಂಬುದು ಅವರ ಸಿದ್ಧಾಂತ.

ಈ ಸಿದ್ಧಾಂತವು 325ನೆಯ ಇಸವಿಯಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರ ಸಭೆಯಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಒತ್ತಾಯದಿಂದ ಹುಟ್ಟಿತೆಂದು ಹೇಳುವವರುಂಟು. ಈ ಮಾತು ನಿಲ್ಲತಕ್ಕದ್ದಲ್ಲ. ಅಲ್ಲಿ ವಾದಕ್ಕೆ ಕಾರಣನಾದ ಆರಿಯಸನು ಕೂಡ ಯೇಸುವನ್ನು ದೇವಕುಮಾರನೆಂದು ಕರೆದು ಪೂಜಿಸುತ್ತಿದ್ದವನೇ. ಆ ಮಗನು ಸೃಷ್ಟಿಗೆ ಸೇರಿದವನೋ, ಸೃಷ್ಟಿಕರ್ತನ ಸ್ವರೂಪಕ್ಕೇ ಸೇರಿದವನೋ ಎಂಬುದಷ್ಟೇ ಅಂದಿನ ಜಗಳ. ಅದಕ್ಕೆ ಇನ್ನೂರು ವರ್ಷಗಳಿಗೂ ಹಿಂದೆ, ಸುಮಾರು 112ರಲ್ಲಿ, ಬಿಥೀನಿಯ ಪ್ರಾಂತದ ಅಧಿಕಾರಿ ಪ್ಲಿನಿಯು ಟ್ರಾಜನ್ ಚಕ್ರವರ್ತಿಗೆ ಬರೆದ ಕಾಗದ ಉಳಿದಿದೆ. ಈ ಜನರು ಗೊತ್ತಾದ ದಿನ ಬೆಳಗಾಗುವುದಕ್ಕೆ ಮುಂಚೆ ಕೂಡಿ, ದೇವರನ್ನು ಹಾಡುವಂತೆ ಕ್ರಿಸ್ತನನ್ನು ಕುರಿತು ಹಾಡುತ್ತಾರೆಂದು ಅದರಲ್ಲಿ ಅವನು ತಿಳಿಸುತ್ತಾನೆ. ಅವನು ಕ್ರೈಸ್ತನಲ್ಲ, ಅವರನ್ನು ವಿಚಾರಣೆಮಾಡಿ ದಂಡಿಸಿದವನು. ಆದುದರಿಂದ ಅವನ ಸಾಕ್ಷ್ಯಕ್ಕೆ ಬೆಲೆಯುಂಟು.

ಇನ್ನೂ ಹಿಂದಕ್ಕೆ ಹೋಗಬಹುದು. ಪೌಲನು ಕೊರಿಂಥ ಪಟ್ಟಣದ ಸಭೆಗೆ ಕಾಗದ ಬರೆದುದು 54ನೆಯ ಇಸವಿಯ ಸುಮಾರಿನಲ್ಲಿ. ಎಂದರೆ ಯೇಸುವು ಸತ್ತು ಕಾಲು ಶತಮಾನವೂ ಕಳೆದಿರಲಿಲ್ಲ. ದೇವರು ಒಬ್ಬನೇ ಎಂಬ ವಾಕ್ಯವನ್ನು ದಿನಕ್ಕೆ ಎರಡಾವರ್ತಿ ಹೇಳಿಕೊಳ್ಳುವುದು ಧರ್ಮನಿಷ್ಠ ಯೆಹೂದ್ಯನ ನಿತ್ಯಕರ್ಮ. ನಮ್ಮಲ್ಲಿ ಸಂಧ್ಯಾವಂದನೆ ಹೇಗೋ ಅವನಿಗೆ ಅದು ಹಾಗೆ. ಪೌಲನು ಆ ವಾಕ್ಯವನ್ನೇ ಬಿಡಿಸಿ, ಒಬ್ಬನೇ ದೇವರೆಂಬುದರ ಪಕ್ಕದಲ್ಲಿ ಒಬ್ಬನೇ ಒಡೆಯನಾದ ಯೇಸುವಿನ ಹೆಸರನ್ನು ಕೂಡಿಸುತ್ತಾನೆ. ಇದು ಹೊಸ ಮಾತೆಂದಾಗಲಿ, ಯಾರಾದರೂ ಆಕ್ಷೇಪಿಸಿಯಾರೆಂದಾಗಲಿ ಅವನಿಗೆ ತೋರಿದಂತಿಲ್ಲ. ಎಲ್ಲರೂ ಬಲ್ಲ ವಿಷಯವೆಂಬಂತೆ ಹೇಳಿ ಮುಂದಕ್ಕೆ ಹೋಗುತ್ತಾನೆ. ನಮಗೆ ಮುಖ್ಯವಾಗಿ ಕಾಣುವುದು ಈ ನಿರಾತಂಕವೇ.

ಜರ್ಮನಿಯ ವಿಲ್ಹೆಲ್ಮ್ ಬೂಸೆಟ್ ಎಂಬ ಪಂಡಿತನು 1913ರಲ್ಲಿ ಇದಕ್ಕೆ ಒಂದು ಸಮಾಧಾನವನ್ನು ಹೇಳಿದನು. ಒಡೆಯನೆಂಬ ಪೂಜೆಯು ಯೆಹೂದ್ಯರಲ್ಲಿ ಹುಟ್ಟಿದುದಲ್ಲ, ಅನೇಕ ದೇವತೆಗಳಿದ್ದ ಗ್ರೀಕ್ ಪಟ್ಟಣಗಳಲ್ಲಿ ಆಮೇಲೆ ಬಂದು ಅಂಟಿಕೊಂಡದ್ದು ಎಂದು. ಬಹು ಕಾಲ ಈ ವಾದವು ಗೌರವವನ್ನು ಪಡೆದಿತ್ತು. ಆದರೆ ಪೌಲನ ಅದೇ ಗ್ರೀಕ್ ಕಾಗದದ ಕೊನೆಯಲ್ಲಿ ಮಾರಾನಾಥಾ ಎಂಬ ಅರಮಾಯಿಕ್ ಮಾತು ಅನುವಾದವಿಲ್ಲದೆ ನಿಂತಿದೆ. ನಮ್ಮ ಒಡೆಯನೇ ಬಾ ಎಂದು ಸಾಮಾನ್ಯವಾಗಿ ಅದಕ್ಕೆ ಅರ್ಥಮಾಡುತ್ತಾರೆ. ಅರಮಾಯಿಕ್ಕು ಯೇಸುವೂ ಆತನ ಶಿಷ್ಯರೂ ಮನೆಯಲ್ಲಿ ಆಡಿದ ನುಡಿ. ಕನ್ನಡದ ಭಜನೆಯಲ್ಲಿ ಸಂಸ್ಕೃತದ ಮಂತ್ರವೊಂದು ಹಾಗೆಯೇ ಉಳಿದುಬಂದರೆ, ಆ ಮಂತ್ರ ಭಜನೆಗಿಂತ ಹಳೆಯದೆಂದು ನಾವು ಊಹಿಸುವುದಿಲ್ಲವೆ? ಲ್ಯಾರಿ ಹರ್ಟಾಡೋ ಎಂಬ ವಿದ್ವಾಂಸನು 2003ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಯೇಸುವಿನ ಪೂಜೆಯು ಯೆಹೂದ್ಯ ಶಿಷ್ಯರಲ್ಲಿಯೇ, ಮೊದಲ ಕೆಲವು ವರ್ಷಗಳಲ್ಲಿಯೇ, ಒಮ್ಮೆಗೇ ಎಂಬಂತೆ ತಲೆದೋರಿತೆಂದು ವಿಸ್ತಾರವಾಗಿ ವಾದಿಸಿದ್ದಾನೆ.

ಹಾಗಾದರೆ ಅದು ತಲೆದೋರಿದುದು ಏತರಿಂದ? ಯೆಹೂದ್ಯರ ಎಣಿಕೆಯಲ್ಲಿ ಮೆಸ್ಸೀಯನು ಗೆಲ್ಲತಕ್ಕವನು. ಮರಕ್ಕೆ ತೂಗುಹಾಕಿದವನಾದರೋ ಧರ್ಮಶಾಸ್ತ್ರದ ಪ್ರಕಾರ ಶಾಪಗ್ರಸ್ತ. ಗುಲಾಮರಿಗೂ ದಂಗೆಕೋರರಿಗೂ ವಿಧಿಸುತ್ತಿದ್ದ ಆ ಮರಣವನ್ನು ಮರ್ಯಾದಸ್ಥ ರೋಮನರು ಬಾಯಲ್ಲಿ ಆಡುವುದಕ್ಕೂ ಹೇಸುತ್ತಿದ್ದರು. 132ರಿಂದ 135ರವರೆಗೆ ರೋಮನರ ಮೇಲೆ ದಂಗೆ ನಡೆಸಿದ ಬಾರ್ ಕೊಖ್ಬನನ್ನು ಮೆಸ್ಸೀಯನೆಂದು ಅಕೀಬನಂಥ ಮಹಾ ಗುರುವೇ ನಂಬಿದನೆಂದು ಯೆಹೂದ್ಯ ಸಂಪ್ರದಾಯವು ಹೇಳುತ್ತದೆ. ಆತನು ಸತ್ತ ಮೇಲೆ ಆ ನಂಬಿಕೆಯೂ ಸತ್ತಿತು. ಅವನು ಎದ್ದುಬಂದನೆಂದಾಗಲಿ ಅವನೇ ದೇವರ ಸ್ವರೂಪವೆಂದಾಗಲಿ ಹೇಳಲು ಯಾರಿಗೂ ತೋರಲಿಲ್ಲ. ಯೇಸುವಿನ ವಿಷಯದಲ್ಲಿ ಹೀಗಾಗಲಿಲ್ಲ. ಕಾರಣ ಕೇಳಿದರೆ ಕ್ರೈಸ್ತರು ಒಂದೇ ಉತ್ತರ ಕೊಡುತ್ತಾರೆ: ಸತ್ತಾತನನ್ನು ಮೂರನೆಯ ದಿನದ ಮೇಲೆ ಜೀವಂತವಾಗಿ ಕಂಡವರಿದ್ದರು. ದೇವಕುಮಾರನೆಂಬ ನಂಬುಗೆಯ ಬೇರು ಇಲ್ಲಿದೆ. ನೀರಿನ ಮೇಲೆ ನಡೆದುದು ಮೊದಲಾದ ಅದ್ಭುತಗಳಲ್ಲಿ ಅದನ್ನು ಹುಡುಕುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ.

ಕಂಡವರು ಯಾರು? ಸುವಾರ್ತೆಗಳಲ್ಲಿ ಬರಿದಾದ ಗೋರಿಯನ್ನು ಮೊದಲು ಕಂಡವರೆಂದು ಹೇಳಿರುವುದು ಮಗ್ದಲದ ಮರಿಯಳನ್ನೂ ಆಕೆಯ ಜೊತೆಯ ಹೆಂಗಸರನ್ನೂ. ಆ ಕಾಲದ ನ್ಯಾಯಸ್ಥಾನಗಳಲ್ಲಿ ಹೆಂಗಸರ ಸಾಕ್ಷ್ಯಕ್ಕೆ ಹೆಚ್ಚು ಮನ್ನಣೆಯಿರಲಿಲ್ಲ. ಎರಡನೆಯ ಶತಮಾನದ ಸೆಲ್ಸಸನೆಂಬ ತಾರ್ಕಿಕನು ಇದನ್ನೇ ಹಿಡಿದುಕೊಂಡು ಹಾಸ್ಯಮಾಡಿದ್ದಾನೆ. ಕಥೆಯನ್ನು ಕಟ್ಟುವವರು ಪೇತ್ರನನ್ನೋ ಯೋಹಾನನನ್ನೋ ಮೊದಲು ನಿಲ್ಲಿಸುತ್ತಿದ್ದರು. ನಗೆಪಾಟಲಾಗುವಂಥ ಸಾಕ್ಷಿಗಳನ್ನು ಬೇಕೆಂದು ಹುಡುಕಿ ತರುತ್ತಿರಲಿಲ್ಲ ಎಂದು ಕ್ರೈಸ್ತರು ವಾದಿಸುತ್ತಾರೆ. ವಾದದಲ್ಲಿ ಹುರುಳಿದೆ.

ಯಾಕೋಬನ ಸಂಗತಿ ನಮಗೆ ಇದಕ್ಕಿಂತಲೂ ವಿಚಿತ್ರವಾಗಿ ತೋರುತ್ತದೆ. ಅವನು ಯೇಸುವಿನ ಸಹೋದರನೆಂದು ಹೆಸರಾದವನು. ಹಿತ್ತಲ ಗಿಡ ಮದ್ದಲ್ಲವೆಂಬಂತೆ, ಯೇಸುವು ಊರೂರು ತಿರುಗಿ ಬೋಧಿಸುತ್ತಿದ್ದಾಗ ಮನೆಯವರೇ ಆತನನ್ನು ನಂಬಲಿಲ್ಲವೆಂದು ಸುವಾರ್ತೆಗಳು ಮುಚ್ಚುಮರೆಯಿಲ್ಲದೆ ಹೇಳುತ್ತವೆ. ಆಮೇಲೆ ಇದೇ ಯಾಕೋಬನು ಯೆರೂಸಲೇಮಿನ ಕ್ರೈಸ್ತರ ಮುಂದಾಳು. ಪೌಲನು ಮತಾಂತರ ಹೊಂದಿದ ಮೂರು ವರ್ಷದ ಮೇಲೆ ಆ ಊರಿಗೆ ಹೋಗಿ, ಹದಿನೈದು ದಿನ ಪೇತ್ರನಲ್ಲಿದ್ದು, ಯಾಕೋಬನನ್ನೂ ಕಂಡುದಾಗಿ ಸ್ವಂತ ಕೈಯಲ್ಲಿ ಬರೆದಿದ್ದಾನೆ. ಎದ್ದುಬಂದ ಯೇಸುವನ್ನು ಕಂಡವರ ಪಟ್ಟಿಯಲ್ಲಿ ಇವರಿಬ್ಬರ ಹೆಸರನ್ನೂ ಕೊಡುತ್ತಾನೆ. 62ನೆಯ ಇಸವಿಯಲ್ಲಿ ಮಹಾಯಾಜಕನು ಯಾಕೋಬನನ್ನು ಕಲ್ಲಿನಿಂದ ಹೊಡೆಸಿ ಕೊಲ್ಲಿಸಿದನೆಂದು ತಿಳಿಸುವವನು ಯೆಹೂದ್ಯ ಚರಿತ್ರಕಾರನಾದ ಜೋಸೀಫಸನು. ಒಂದೇ ಸೂರಿನ ಕೆಳಗೆ ಬೆಳೆದ ಅಣ್ಣನನ್ನು ದೇವರ ಸಮಾನನೆಂದು ಒಪ್ಪುವುದಕ್ಕೆ ತಮ್ಮನಾದವನಿಗೆ ಎಂಥ ಪ್ರಮಾಣ ಬೇಕಾದೀತು! ಅಣ್ಣತಮ್ಮಂದಿರುಳ್ಳ ಶ್ರೋತೃಗಳು ಇದನ್ನು ತಾವೇ ಊಹಿಸಿಕೊಳ್ಳಬಹುದು. ರೋಮನ್ ಕ್ಯಾಥೊಲಿಕರು ಇವನನ್ನು ಒಡಹುಟ್ಟಿದವನೆನ್ನದೆ ಹತ್ತಿರದ ಬಂಧುವೆನ್ನುತ್ತಾರೆ. ಅದರಿಂದ ಇಲ್ಲಿಯ ಮಾತಿಗೆ ಬಾಧಕವಿಲ್ಲ.

ಶಿಷ್ಯರೆಲ್ಲರೂ ಪ್ರಾಣ ಕೊಟ್ಟರು, ಆದುದರಿಂದ ಅವರ ಮಾತು ನಿಜವೆಂದು ಉಪದೇಶಕರು ಹೇಳುವುದನ್ನು ನಾವು ಕೇಳಿದ್ದೇವೆ. ಹನ್ನೆರಡು ಮಂದಿಯ ಪೈಕಿ ಹಲವರ ಮರಣದ ಕಥೆಗಳು ಬಹಳ ತಡವಾಗಿ ಬರೆದವು. ಪ್ರಾಣ ಕೊಟ್ಟವನು ಪ್ರಾಮಾಣಿಕನೆಂದು ಸಿದ್ಧವಾದೀತೇ ಹೊರತು ಅವನು ನಂಬಿದುದು ನಿಜವೆಂದು ಸಿದ್ಧವಾಗದು. ಹೀಗೆಯೇ, ಎರಡನೆಯ ಮಹಾಯುದ್ಧದ ನಡುವೆ ಸಿ. ಎಸ್. ಲೂಯಿಸನು ಲಂಡನ್ನಿನ ರೇಡಿಯೋದಲ್ಲಿ ಹೇಳಿ ಪ್ರಸಿದ್ಧಪಡಿಸಿದ ತರ್ಕವೊಂದಿದೆ. ಇಂಥ ಅಧಿಕಾರದಿಂದ ಮಾತನಾಡಿದವನು ವಂಚಕನಾಗಿರಬೇಕು, ಇಲ್ಲವೆ ಭ್ರಾಂತನಾಗಿರಬೇಕು, ಇಲ್ಲವೆ ನಿಜವಾಗಿಯೂ ಒಡೆಯನಾಗಿರಬೇಕು ಎಂದು. ಕೇಳುವುದಕ್ಕೆ ಬಿಗಿಯಾಗಿದೆ. ಆದರೆ ಆ ಮಾತುಗಳನ್ನು ಶಿಷ್ಯರು ಮುಂದೆ ಹಿಗ್ಗಿಸಿರಬಹುದಲ್ಲ ಎಂಬ ನಾಲ್ಕನೆಯ ದಾರಿಯನ್ನು ಅದು ಮುಚ್ಚುವುದಿಲ್ಲ. ಆ ದಾರಿಯನ್ನು ಸ್ವಲ್ಪಮಟ್ಟಿಗೆ ಮುಚ್ಚುವುದು ನಾವು ಹೇಳಿದ ಕಾಲದ ಲೆಕ್ಕ. ಹಿಗ್ಗುವುದಕ್ಕೆ ವರ್ಷಗಳು ಬೇಕು, ಇಲ್ಲಿ ವರ್ಷಗಳೇ ಇಲ್ಲ.

ಇಷ್ಟಾದರೂ ಸಂದೇಹಕ್ಕೆ ಎಡೆಯಿಲ್ಲವೆಂದಲ್ಲ. ದುಃಖದಲ್ಲಿ ಮುಳುಗಿದವರಿಗೆ ಸತ್ತವರು ಕಾಣಿಸುವುದುಂಟು. ಶಿಷ್ಯರ ದರ್ಶನವೂ ಅಂಥದೇ ಇರಬಹುದೆಂದು ಬಾರ್ಟ್ ಎರ್ಮನ್ ಮೊದಲಾದ ಈ ಕಾಲದ ವಿದ್ವಾಂಸರು ಹೇಳುತ್ತಾರೆ. ದುಃಖಪಡದೆ ಹಗೆಯಾಗಿದ್ದ ಪೌಲನಿಗೆ ಅದು ಹೊಂದುವುದಿಲ್ಲವೆಂದು ಕ್ರೈಸ್ತರ ಪ್ರತ್ಯುತ್ತರ. ಚರಿತ್ರೆಯು ನಮ್ಮನ್ನು ಒಂದು ಬಾಗಿಲಿನವರೆಗೆ ಕರೆದುತಂದು ಅಲ್ಲಿಯೇ ನಿಂತುಬಿಡುತ್ತದೆ. ಅಲ್ಲಿಂದ ಆಚೆಗೆ ಕ್ರೈಸ್ತನು ಹೋಗುವುದು ಆ ಮನುಷ್ಯನ ನಡತೆಯ ಮೇಲಣ ಭರವಸೆಯಿಂದ. ಗೆಳೆಯನ ಮಾತನ್ನು ನಾವು ಹೇಗೆ ನಂಬುತ್ತೇವೋ ಹಾಗೆ.

ಅವರು ನಂಬುವುದಾದರೂ ಎಂಥದನ್ನು ಎಂಬುದನ್ನೂ ನೋಡಬೇಕು. ತೆರಿಗೆಯ ವಿಷಯದಲ್ಲಿ ಸಿಕ್ಕಿಸಲು ಬಂದವರಿಂದ ಯೇಸುವು ಒಂದು ನಾಣ್ಯವನ್ನು ಕೇಳಿ ತೆಗೆದುಕೊಂಡು, ಇದರಲ್ಲಿರುವ ತಲೆ ಯಾರದೆಂದು ಪ್ರಶ್ನಿಸಿದ ಸಂಗತಿ ಮಾರ್ಕನ ಸುವಾರ್ತೆಯಲ್ಲಿದೆ. ಅದು ಚಂದ್ರವಳ್ಳಿಯಲ್ಲಿ ದೊರೆತಂಥ ತಿಬೇರಿಯಸನ ನಾಣ್ಯವೇ ಆಗಿರಬೇಕೆಂದು ಬಹುಮಂದಿಯ ಊಹೆ. ಅದೇ ಮಾರ್ಕನು, ಯೇಸುವು ಪ್ರಾಣಬಿಟ್ಟ ಗಳಿಗೆಯಲ್ಲಿ, ಈತನು ದೇವಕುಮಾರನೆಂಬ ಮಾತನ್ನು ಆತನ ಶಿಷ್ಯನ ಬಾಯಲ್ಲಿ ಇಡುವುದಿಲ್ಲ. ಆ ನಾಣ್ಯದಲ್ಲಿ ಸಂಬಳ ತೆಗೆದುಕೊಳ್ಳುವ ರೋಮನ್ ಶತಾಧಿಪತಿಯ ಬಾಯಲ್ಲಿ ಇಡುತ್ತಾನೆ. ಅಧಿಕಾರ, ದಂಡು, ಗೆಲುವು ಇವುಗಳಲ್ಲಿ ದೈವತ್ವವನ್ನು ಕಾಣುತ್ತಿದ್ದ ಲೋಕದಲ್ಲಿ, ಹೊಡೆಸಿಕೊಂಡು ಸತ್ತ ಒಬ್ಬನಲ್ಲಿ ಅದು ಕಂಡಿತೆಂದು ಹೇಳಿದರು. ಇದು ಸುಳ್ಳಾದರೆ ಕ್ರೈಸ್ತಧರ್ಮದಲ್ಲಿ ಉಳಿಯುವುದು ಒಳ್ಳೆಯ ನೀತಿಪಾಠ. ನಿಜವಾದರೆ, ದೇವರೇ ಮನುಷ್ಯನ ನೋವಿನೊಳಕ್ಕೆ ಇಳಿದನೆನ್ನಬೇಕಾಗುತ್ತದೆ. ಎರಡಕ್ಕೂ ನಡುವಣ ಅಂತರವು ಸಣ್ಣದಲ್ಲ.

ಈ ಮಾತು ಅಂದಿನವರಿಗೆ ಎಷ್ಟು ಹಾಸ್ಯಾಸ್ಪದವಾಗಿತ್ತೆಂಬುದಕ್ಕೆ ರೋಮ್ ನಗರದ ಪ್ಯಾಲಟೈನ್ ಗುಡ್ಡದಲ್ಲಿ 1857ರಲ್ಲಿ ಸಿಕ್ಕಿದ ಗೋಡೆಯೊಂದು ಸಾಕ್ಷಿ. ಕ್ರಿಸ್ತಶಕ 200ರ ಸುಮಾರಿನಲ್ಲಿ ಯಾವನೋ ಮೊಳೆಯಿಂದ ಗೀರಿದಂಥ ಚಿತ್ರ ಅದರಲ್ಲಿದೆ. ಶಿಲುಬೆಯ ಮೇಲೆ ಕತ್ತೆಯ ತಲೆಯ ಮನುಷ್ಯ, ಕೆಳಗೆ ಕೈಯೆತ್ತಿ ನಿಂತ ಒಬ್ಬ ಹುಡುಗ. ಅಲೆಕ್ಸಾಮೆನಸನು ತನ್ನ ದೇವರನ್ನು ಪೂಜಿಸುತ್ತಿದ್ದಾನೆಂದು ಗ್ರೀಕಿನಲ್ಲಿ ಅಪಹಾಸ್ಯದ ಬರಹ. ಪಕ್ಕದ ಕೋಣೆಯ ಗೋಡೆಯಲ್ಲಿ ಬೇರೊಂದು ಕೈಯ ಬರಹ ಲ್ಯಾಟಿನ್ನಿನಲ್ಲಿದೆ. ಅದರಲ್ಲಿ ಎರಡೇ ಶಬ್ದಗಳು: ಅಲೆಕ್ಸಾಮೆನಸನ ಹೆಸರು, ಅದರ ಮುಂದೆ ನಂಬುಗೆಯುಳ್ಳವನು ಎಂದು.