ಬೊಲೊನ್ಯದ ಸಣ್ಣ ಉರಿ

ಇಟಲಿಯ ಬೊಲೊನ್ಯ ನಗರದ ಹೆಸರಾಂತ ಅಡುಗೆ ರಾಗು. ದನದ ಮಾಂಸದ ಕೈಮಾ, ಹಂದಿಯ ಉಪ್ಪುಮಾಂಸ, ಈರುಳ್ಳಿ, ಕ್ಯಾರೆಟ್, ಸೆಲರಿ, ಒಂದಿಷ್ಟು ಟೊಮೇಟೊ, ವೈನ್, ಹಾಲು. 1982ರಲ್ಲಿ ಇಟಲಿಯ ಪಾಕ ಅಕಾಡೆಮಿ ಇದರ ವಿಧಾನವನ್ನು ಆ ಊರಿನ ವಾಣಿಜ್ಯ ಮಂಡಳಿಯಲ್ಲಿ ನೋಂದಾಯಿಸಿತು, ಥೇಟ್ ಆಸ್ತಿಪತ್ರದ ಹಾಗೆ! 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಅಜ್ಜಿಯರು ಕಾಗದ ನೋಡಿ ಒಲೆ ಹಚ್ಚುವವರಲ್ಲ, ಆ ಮಾತು ಬೇರೆ.

ಕೈಮಾ ಮೊದಲು ನೀರು ಬಿಡುತ್ತದೆ. ಆ ನೀರು ಇಂಗಿ, ಚಟಪಟ ಸದ್ದೆದ್ದು, ತಳ ಕಂದು ಹಿಡಿಯುವವರೆಗೆ ಕೈ ಕಟ್ಟಿ ಕಾಯಬೇಕು. ರುಚಿ ಹುಟ್ಟುವುದೇ ಅಲ್ಲಿ. ಆಮೇಲೆ ಎರಡು ಮೂರು ಗಂಟೆ ಸಣ್ಣ ಉರಿ. ಗಡಸು ಮಾಂಸದಲ್ಲಿನ ಕೊಲಾಜನ್ ಎಂಬ ನಾರು ಕರಗಿ ಜೆಲಟಿನ್ ಆಗುತ್ತದೆ, ರಸ ತುಟಿಗಂಟುವಷ್ಟು ಮಂದವಾಗುತ್ತದೆ. ಅದಕ್ಕೇ ಅಗ್ಗದ ತುಂಡೇ ಇಲ್ಲಿ ಮೇಲು. ಕುಕ್ಕರ್ ಕೂಗಿಸಿದರೆ ಮೆತ್ತಗಾಗುತ್ತದೆ, ನಿಜ. ಆದರೆ ಮುಚ್ಚಿದ ಪಾತ್ರೆಯಲ್ಲಿ ನೀರು ಆರುವುದಿಲ್ಲ.

ಇದಕ್ಕೆ ಸ್ಪಗೆಟ್ಟಿ ಹಾಕಿದರೆ ಬೊಲೊನ್ಯದವರು ಮೂಗು ಮುರಿಯುತ್ತಾರೆ. ಮೊಟ್ಟೆ ಹಾಕಿ ಲಟ್ಟಿಸಿದ ಪಟ್ಟಿ, ತಲ್ಯಾತೆಲ್ಲೆಯೇ ಆಗಬೇಕು. ಪಾಸ್ತಾ ಬೇಯಿಸಿದ ನೀರನ್ನು ಪೂರ್ತಿ ಬಸಿದು ಚೆಲ್ಲಬೇಡಿ. ಗಂಜಿಯಂಥ ಆ ನೀರು ಒಂದು ಸೌಟು ಬಿದ್ದರೆ ರಾಗು ಪಾಸ್ತಾವನ್ನು ಬಿಡದೆ ಹಿಡಿದುಕೊಳ್ಳುತ್ತದೆ.